ಫ್ರೀಜರಿನ ಗಿಣ್ಣು ಹಾಲಿನಲ್ಲಿ ತಬ್ಬಲಿ ಕರು ಸಾಕಿದ್ದು

ಫ್ರೀಜರಿಗೆ ಹೋದ ಗಿಣ್ಣು ಹಾಲಿನಲ್ಲಿ ಸತ್ವ ಉಳಿಯಲ್ಲ ಎಂದು ನಕ್ಕ ಹೆಸರಘಟ್ಟ ಕಡೆಯವರೇ ಈಗ ರಾತ್ರಿ ಹೊತ್ತು ಆ ಹಾಲಿನ ಚೀಲ ಕೇಳಿಕೊಂಡು ಬರುತ್ತಾರೆ. ಹಾಲು ಕೆಡುವುದು ಫ್ರೀಜರಿನಲ್ಲಲ್ಲ, ಕರಗಿಸುವಾಗ. ಒಲೆಯ ಮೇಲಿಟ್ಟರೆ ಗಿಣ್ಣಾಗಿಯೇ ಬಿಡುತ್ತದೆ. 50 ಡಿಗ್ರಿ ಮೀರದ ನೀರಲ್ಲಿ ಚೀಲ ಮುಳುಗಿಸಬೇಕು. ಒಂದೊಂದು ಲೀಟರಿನ ಜಿಪ್ ಚೀಲ ಚಪ್ಪಟೆಯಾಗಿ ಮಲಗಿಸಿಟ್ಟರೆ ಬೇಗ ಕರಗುತ್ತದೆ. ಬಾಟಲಿಯಲ್ಲಿಟ್ಟರೆ ನಡುವಿನ ಗಡ್ಡೆ ಕರಗುವಷ್ಟರಲ್ಲಿ ಹೊತ್ತು ಮೀರುತ್ತದೆ. ಕರೆಂಟು ಹೋಗಿ ಒಮ್ಮೆ ಕರಗಿದ್ದನ್ನು ಮತ್ತೆ ಗಟ್ಟಿ ಮಾಡಿ ಉಪಯೋಗವಿಲ್ಲ.

ಮೂರು-ನಾಲ್ಕು ಸೂಲು ಕಂಡ ಹಸು, ಕೆಚ್ಚಲು ಬಾವು ಇಲ್ಲದ್ದು, ಅದರಲ್ಲೂ ಮೊದಲ ಸಲ ಕರೆದ ಹಾಲೇ ಬೇಕು. ಹಾಲಿನ ಗಟ್ಟಿತನ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ 22 ಬ್ರಿಕ್ಸ್‌ಗಿಂತ (ಅದರ ಅಳತೆ) ಕಡಿಮೆ ತೋರಿದರೆ ಅದು ಅಡುಗೆಮನೆಗೆ. 30 ಕೆಜಿ ಕರುವಿಗೆ ಹುಟ್ಟಿದ ಎರಡು ಗಂಟೆಯೊಳಗೆ 2 ಲೀಟರ್, ಹನ್ನೆರಡು ಗಂಟೆಯೊಳಗೆ ಇನ್ನೆರಡು. ಒಂದು ದಿನ ಕಳೆದರೆ ಕರುಳು ಗಿಣ್ಣು ಹಾಲಿನ ರೋಗನಿರೋಧಕ ಶಕ್ತಿಯನ್ನು ಹೀರುವುದಿಲ್ಲ. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಮರೆಯಬೇಡಿ.

ಗೊಟ್ಟದಲ್ಲಿ (ಬಿದಿರಿನ ಕೊಳವೆ) ಕರುವಿನ ಬಾಯಿಗೆ ಹಾಲು ಹೊಯ್ಯುವವರು ಇನ್ನೂ ಇದ್ದಾರೆ! ಹಾಲು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುತ್ತದೆ. ನಿಪ್ಪಲ್ ತೂತು ದೊಡ್ಡದು ಮಾಡಿದರೂ ಅದೇ ಪಾಡು. ಬಕೆಟ್ಟಿಗೆ ಬಾಯಿ ಹಾಕಿಸಲು ಬೆರಳು ಚೀಪಿಸುವುದು ಎಲ್ಲರಿಗೂ ಗೊತ್ತು. ಹಟಮಾರಿ ಕರುವಿದ್ದರೆ ಬೆರಳಿಗೆ ಏನು ಸವರುತ್ತೇನೆಂಬುದು ನನ್ನಲ್ಲೇ ಇರಲಿ.

ಖರ್ಚಿನ ಮಾತು. ಮೈತೂಕದ ಹತ್ತನೇ ಒಂದು ಪಾಲು, ಅಂದರೆ ದಿನಕ್ಕೆ 3 ಲೀಟರ್. ಡೈರಿ ದರ ಮೂವತ್ತೈದರ ಆಸುಪಾಸು ಹಿಡಿದರೆ ಹಾಲು ಬಿಡಿಸುವಷ್ಟರಲ್ಲಿ ಏಳೆಂಟು ಸಾವಿರ. ಕರುವಿನ ಹಾಲಿನ ಪುಡಿ ಕಿಲೋಗೆ ಇನ್ನೂರು ಚಿಲ್ಲರೆ, ಎಂಟು ಲೀಟರ್ ಆಗುತ್ತದೆ; ಲೀಟರಿಗೆ ಹತ್ತು ರೂಪಾಯಿ ಉಳಿಯಬಹುದು. ಆದರೆ ಸೋಯಾ ಬೆರೆತ ಅಗ್ಗದ ಪುಡಿ ಮೂರು ವಾರದೊಳಗಿನ ಕರುವಿಗೆ ಕೊಟ್ಟರೆ ಉಳಿಸಿದ್ದೆಲ್ಲ ಔಷಧಿಗೆ. ರಾಗಿ ಗಂಜಿಯನ್ನೂ ಪರೀಕ್ಷಿಸಿದೆ: ಅಷ್ಟು ಎಳೆಯ ಕರುವಿಗೆ ಪಿಷ್ಟ ಜೀರ್ಣವಾಗದು, ಬರೀ ಭೇದಿ. ಹೆಚ್ಚಾದ ಗಿಣ್ಣು ಹಾಲನ್ನು ಹುಳಿ ಬರಿಸಿ ಕುಡಿಸಿದ್ದು ಚಳಿಗಾಲದಲ್ಲಿ ಚೆನ್ನಾಗಿ ನಡೆಯಿತು, ಏಪ್ರಿಲ್ ಸೆಕೆಗೆ ನಾರಿತು.

ಭೇದಿಯಾದರೆ ಹಾಲು ನಿಲ್ಲಿಸಬೇಡಿ. ಲೀಟರ್ ನೀರಿಗೆ ಟೀ ಚಮಚ ಉಪ್ಪು, ಅರ್ಧ ಚಮಚ ಅಡುಗೆ ಸೋಡಾ, ಎಂಟು ಚಮಚ ಗ್ಲೂಕೋಸ್. ಹಾಲಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ, ಸೋಡಾ ಸೇರಿದರೆ ಹೊಟ್ಟೆಯಲ್ಲಿ ಹಾಲು ಜೀರ್ಣಕ್ಕೆ ಬೇಕಾದಂತೆ ಒಡೆದು ಗಟ್ಟಿಯಾಗುವುದಿಲ್ಲ. ಹತ್ತನೇ ದಿನದ ಸುಮಾರಿಗೆ ಜಂತುಹುಳಕ್ಕೆ ಪಿಪರಜಿನ್ ಔಷಧಿ. ಎರಡನೇ ವಾರದಿಂದ ಕರು ಹಿಂಡಿ, ಜೊತೆಗೆ ಸದಾ ನೀರು. ದಿನಕ್ಕೆ ಒಂದು ಕಿಲೋ ಹಿಂಡಿ ಮೂರು ದಿನ ಸತತ ತಿಂದರೆ ಹಾಲು ಬಿಡಿಸಬಹುದು. ತಿಂಗಳ ಲೆಕ್ಕ ನೋಡಿ ಬಿಡಿಸಿದರೆ ಕರು ಸೊರಗುತ್ತದೆ.