ಷೇರು ಇಟ್ಟು ಮರೆತವರು ಒಮ್ಮೆ ನೋಡಿ

ಸೋಪು, ಕಾಫಿಪುಡಿ, ಬಿಸ್ಕತ್ತು ಮಾರುವ ದೊಡ್ಡ ಕಂಪನಿಗಳ ಷೇರು ತಗೊಂಡು ವರ್ಷಗಟ್ಟಲೆ ಸುಮ್ನೆ ಇಟ್ಟವರು ನಮ್ಮ ಮೈಸೂರಲ್ಲೂ ಕಡಿಮೆ ಇಲ್ಲ. ಇಡುವುದು ಸರಿ, ಮರೆಯುವುದು ಬೇಡ.

ಮೊದಲು ಡಿವಿಡೆಂಡ್, ಅಂದರೆ ಕಂಪನಿ ತನ್ನ ಲಾಭದಲ್ಲಿ ಷೇರುದಾರರಿಗೆ ಕೊಡುವ ಪಾಲು, ಯಾವ ಖಾತೆಗೆ ಬರುತ್ತಿದೆ ನೋಡಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಜೊತೆ ಸೇರಿತು, ಐಎಫ್‌ಎಸ್‌ಸಿ ಕೋಡ್ ಬದಲಾಯಿತು. ಹಳೇ ವಿವರವೇ ಉಳಿದಿದ್ದರೆ, ಖಾತೆ ಮುಚ್ಚಿದ್ದರೆ, ದುಡ್ಡು ಕೈಗೆ ಬರದೇ ಹೋಗಬಹುದು. ಸತತ 7 ವರ್ಷ ಡಿವಿಡೆಂಡ್ ತಗೊಳ್ಳದಿದ್ದರೆ ಷೇರೂ ಕೂಡ ಕೇಂದ್ರ ಸರ್ಕಾರದ ಐಇಪಿಎಫ್ (ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ) ನಿಧಿಗೆ ಹೋಗುತ್ತದೆ. ವಾಪಸ್ ಪಡೆಯಬಹುದು, ಆದರೆ ಐಇಪಿಎಫ್-5 ಅರ್ಜಿ, ಕಾಗದಪತ್ರ ಅಂತ ಅಲೆದಾಟ ಯಾರಿಗೆ ಬೇಕು ಅಲ್ವಾ?

ಬೀರುವಿನಲ್ಲಿ ಅಪ್ಪನ ಕಾಲದ ಷೇರುಪತ್ರ ಇದ್ದರೆ ಡಿಮ್ಯಾಟ್ ಮಾಡಿಸಿ, ಅಂದರೆ ಕಾಗದದ ಷೇರನ್ನು ಎಲೆಕ್ಟ್ರಾನಿಕ್ ರೂಪಕ್ಕೆ ಬದಲಿಸಿಕೊಳ್ಳಿ. 2019ರ ಏಪ್ರಿಲ್‌ನಿಂದ ಕಾಗದದ ಷೇರನ್ನು ಹಾಗೇ ಮಾರಲು ಆಗುವುದಿಲ್ಲ. ಪತ್ರದ ಮೇಲಿನ ಸಂಖ್ಯೆ ನೋಡಿ ಇಷ್ಟೇನಾ ಅಂದುಕೊಳ್ಳಬೇಡಿ. ನಮ್ಮ ನಂಜನಗೂಡಲ್ಲಿ ಫ್ಯಾಕ್ಟರಿ ಇರುವ ನೆಸ್ಲೆ ಇಂಡಿಯಾವನ್ನೇ ನೋಡಿ: 2024ರ ಜನವರಿಯಲ್ಲಿ 10 ರೂಪಾಯಿ ಮುಖಬೆಲೆಯ ಒಂದು ಷೇರನ್ನು 1 ರೂಪಾಯಿಯ ಹತ್ತು ಷೇರು ಮಾಡಿತು. ಬೇರೆ ಕಂಪನಿಗಳಲ್ಲೂ ಬೋನಸ್ (ಪುಕ್ಕಟೆ ಕೊಡುವ ಹೆಚ್ಚುವರಿ ಷೇರು), ಇಂಥದ್ದೇ ಸ್ಪ್ಲಿಟ್ (ಷೇರು ವಿಭಜನೆ) ಆಗಿರಬಹುದು. ಕಂಪನಿಯ ಷೇರುದಾರರ ಲೆಕ್ಕ ಇಡುವ ರಿಜಿಸ್ಟ್ರಾರ್‌ಗೆ ಷೇರುಪತ್ರದ ಮೇಲಿರುವ ಫೋಲಿಯೋ ನಂಬರ್ ಕೊಟ್ಟು ಕೇಳಿ.

ನಾಮಿನಿ ಹೆಸರೂ ಅವತ್ತೇ ಹಾಕಿಸಿಬಿಡಿ.