ಹಳೇ ಫೋನಿನಲ್ಲೇ ಫೋಟೊದ ಹಳದಿ ತೆಗೆಯೋದು ಹೇಗೆ?

2 ಜಿಬಿ ರ‍್ಯಾಮ್ ಫೋನಿನಲ್ಲಿ ಮದುವೆ ಛತ್ರದ ಫೋಟೊಗಳ ಬಣ್ಣ ಸರಿ ಮಾಡಬೇಕಾ? ಮೊದಲು ಒಂದು ಕಾಪಿ ಮಾಡಿ, ಅದರ ಸೈಜ್ ಇಳಿಸಿ. 4000×3000 ಅಂದ್ರೆ 1.2 ಕೋಟಿ ಪಿಕ್ಸೆಲ್. 1600×1200 ಆದ್ರೆ ಸುಮಾರು 19 ಲಕ್ಷ ಅಷ್ಟೇ, ಫೋನ್ ಒದ್ದಾಡುವುದಿಲ್ಲ. ವಾಟ್ಸಾಪಿಗೆ ಇಷ್ಟು ಧಾರಾಳ ಸಾಕು.

ಆಮೇಲೆ ಫೋಟೊ ತಿದ್ದುವ ಆ್ಯಪ್ ಆದ ಸ್ನ್ಯಾಪ್‌ಸೀಡ್‌ನಲ್ಲಿ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣ ಸರಿ ಮಾಡುವ ಟೂಲ್) ತೆರೆದು, ಡ್ರಾಪರನ್ನು (ಬಿಳಿ ಯಾವುದು ಅಂತ ತೋರಿಸುವ ಗುರುತು) ಯಾರದಾದರೂ ಬಿಳಿ ಪಂಚೆಯ ಸ್ವಲ್ಪ ಮಂಕಾದ ಮಡಿಕೆಯ ಮೇಲೆ ಇಡಿ. ಫಳಫಳ ಹೊಳೆಯುವ ಬಿಳಿ ಬೇಡ, ಅಲ್ಲಿ ಬಣ್ಣದ ಮಾಹಿತಿಯೇ ಉಳಿದಿರುವುದಿಲ್ಲ. ಜರಿ ಅಂಚಂತೂ ಬೇಡವೇ ಬೇಡ. ಮುಖ ನೀಲಿಗಟ್ಟಿದ ಹಾಗೆ ಕಂಡರೆ ಟೆಂಪರೇಚರ್ (ನೀಲಿ-ಹಳದಿಯ ಹದ) ಸ್ವಲ್ಪ ಏರಿಸಿ. ಮದುವೆ ಮನೆ ಅಂದ್ಮೇಲೆ ಚೂರು ಹಳದಿ ಇದ್ರೇನೇ ಚೆಂದ, ಅಲ್ವಾ?

ಅದೇ ಬೆಳಕಿನ ಉಳಿದ ಫೋಟೊಗಳನ್ನು ಸುಮ್ನೆ ಒಂದೊಂದಾಗಿ ತಿದ್ದಬೇಡಿ. ಮಾಡಿದ್ದನ್ನು ‘ಲುಕ್ಸ್’ನಲ್ಲಿ ಸೇವ್ ಮಾಡಿಕೊಂಡರೆ ಎಲ್ಲಕ್ಕೂ ಅದನ್ನೇ ಹಾಕಬಹುದು.