ಬಡಾವಣೆಗೆ ಖಾಸಗಿ ಗಸ್ತು: ಮೊದಲ ರಾತ್ರಿಗೆ ಮುಂಚೆ ಮುಗಿಸಬೇಕಾದ ಕೆಲಸಗಳು

ಬಡಾವಣೆಯಲ್ಲಿ ಒಂದೆರಡು ಮನೆಗೆ ಕಳ್ಳರು ನುಗ್ಗಿದರೆ ಸಾಕು, ನಿವಾಸಿಗಳ ಸಂಘದ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಅದೇ ಸಂಜೆ ಒಂದು ಮಾತು ಬರುತ್ತದೆ: ನಾವೇ ಯಾಕೆ ರಾತ್ರಿ ಗಸ್ತು ಇಟ್ಟುಕೊಳ್ಳಬಾರದು? ಇಟ್ಟುಕೊಳ್ಳಬಹುದು, ತಪ್ಪೇನಿಲ್ಲ. ಆದರೆ ಸಾಮಾನ್ಯವಾಗಿ ಆಗುವುದು ಏನು ಗೊತ್ತಾ? ಯಾರಿಗೋ ಪರಿಚಯ ಇರುವ ಏಜೆನ್ಸಿಗೆ ಫೋನ್ ಹೋಗುತ್ತದೆ. ನಾಲ್ಕು ದಿನದಲ್ಲಿ ಇಬ್ಬರು ಹುಡುಗರು ಲಾಠಿ ಹಿಡಿದು ಬೀದಿ ಸುತ್ತಲು ಶುರು ಮಾಡುತ್ತಾರೆ. ಅವರು ಯಾರನ್ನು ತಡೆಯಬಹುದು, ಯಾರನ್ನು ತಡೆಯಬಾರದು ಅಂತ ಯಾರೂ ಹೇಳಿರುವುದಿಲ್ಲ. ಒಂದು ರಾತ್ರಿ ಕೆಲಸ ಮುಗಿಸಿ ಬರುತ್ತಿದ್ದ ಯಾರನ್ನೋ ಹಿಡಿದು ಕೂರಿಸುತ್ತಾರೆ. ಆಮೇಲೆ ಠಾಣೆಯ ಮೆಟ್ಟಿಲು ಹತ್ತುವುದು ಸಂಘದ ಕಾರ್ಯದರ್ಶಿ.

ಗಸ್ತಿನವರಿಗೆ ಯಾವ ಅಧಿಕಾರ ಇಲ್ಲ ಅನ್ನುವುದನ್ನು ಅವರು ಕೆಲಸಕ್ಕೆ ಬರುವ ಮುಂಚೆಯೇ ಬರೆದಿಡಬೇಕು. ನನ್ನ ಪ್ರಕಾರ ಇದು ಸಂಬಳ ಗೊತ್ತು ಮಾಡುವುದಕ್ಕಿಂತಲೂ ಮೊದಲು ಆಗಬೇಕಾದ ಕೆಲಸ.

ಸುತ್ತುವ ಜಾಗ ಯಾರದ್ದು ಅಂತ ನೋಡಿ

ಗಸ್ತು ನಡೆಯುವುದು ಕಾಂಪೌಂಡ್ ಒಳಗೋ, ಸಾರ್ವಜನಿಕ ರಸ್ತೆಯಲ್ಲೋ? ಅಪಾರ್ಟ್‌ಮೆಂಟಿನ ಆವರಣ ಖಾಸಗಿ ಜಾಗ. ಅಲ್ಲಿ ಯಾರನ್ನು ಒಳಗೆ ಬಿಡಬೇಕು ಅಂತ ಮಾಲೀಕರು ತೀರ್ಮಾನಿಸಬಹುದು. ಬಡಾವಣೆಯ ರಸ್ತೆ ಹಾಗಲ್ಲ. ನಕ್ಷೆಗೆ ಮಂಜೂರಾತಿ ಪಡೆಯುವಾಗ ರಸ್ತೆ, ಪಾರ್ಕುಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟಿದ್ದರೆ ಆ ರಸ್ತೆ ಎಲ್ಲರದ್ದು. ಎರಡೂ ಕಡೆ ನಿಮ್ಮದೇ ಮನೆಗಳಿದ್ದರೂ ಅಷ್ಟೇ. ಸಂಘದ ಕಪಾಟಿನಲ್ಲಿರುವ ಮಂಜೂರಾದ ನಕ್ಷೆ, ಹಸ್ತಾಂತರ ಪತ್ರ ಎರಡನ್ನೂ ಹೊರಗೆ ತೆಗೆದು ಓದಿ. ಸಿಗದಿದ್ದರೆ ಪಾಲಿಕೆ, ಪುರಸಭೆ ಅಥವಾ ಗ್ರಾಮ ಪಂಚಾಯಿತಿಯಲ್ಲಿ ಪ್ರತಿ ಕೇಳಿ.

ಸಾರ್ವಜನಿಕ ರಸ್ತೆಯಲ್ಲಿ ಗಾರ್ಡ್ ನಡೆದಾಡುವುದಕ್ಕೆ ಅಡ್ಡಿಯಿಲ್ಲ. ಬೇರೆಯವರು ನಡೆದಾಡುವುದನ್ನು ಆತ ತಡೆಯುವ ಹಾಗಿಲ್ಲ, ಅಷ್ಟೇ.

ಏಜೆನ್ಸಿಯ ಲೈಸೆನ್ಸ್ ಕೇಳಿ, ಸರಿಯಾದ ಲೈಸೆನ್ಸ್ ಕೇಳಿ

ಇಲ್ಲಿ ಜಾಸ್ತಿ ಜನ ಮೋಸ ಹೋಗುತ್ತಾರೆ. ಏಜೆನ್ಸಿಯವರು ಫೈಲ್ ಬಿಚ್ಚಿ ಸ್ಥಳೀಯ ಸಂಸ್ಥೆಯ ಟ್ರೇಡ್ ಲೈಸೆನ್ಸ್, ಜಿಎಸ್‌ಟಿ ನೋಂದಣಿ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಮಾಣಪತ್ರ ಎಲ್ಲಾ ತೋರಿಸುತ್ತಾರೆ. ಮುದ್ರೆ, ಸಹಿ ಎಲ್ಲಾ ಇರುತ್ತದೆ. ಆದರೆ ಭದ್ರತಾ ಸೇವೆ ಕೊಡಲು ಇವುಗಳಲ್ಲಿ ಯಾವುದೂ ಸಾಲದು.

ನಮ್ಮ ದೇಶದಲ್ಲಿ ಭದ್ರತಾ ಏಜೆನ್ಸಿಗೆ ಲೈಸೆನ್ಸ್ ಕೊಡುವುದು ಪಾಲಿಕೆಯ ಕೆಲಸ ಅಲ್ಲ. ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ, 2005 ಅಂತ ಒಂದಿದೆ. ಎಲ್ಲರೂ ಪಸಾರ ಅಂತಲೇ ಕರೆಯುತ್ತಾರೆ. 2006ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಇದರ ಪ್ರಕಾರ ಪ್ರತಿ ರಾಜ್ಯದಲ್ಲೂ ಗೃಹ ಇಲಾಖೆಯ ಜಂಟಿ ಕಾರ್ಯದರ್ಶಿ ದರ್ಜೆಗೆ ಕಡಿಮೆಯಿಲ್ಲದ, ಅಥವಾ ಅದಕ್ಕೆ ಸಮನಾದ, ಅಧಿಕಾರಿಯೊಬ್ಬರು ನಿಯಂತ್ರಣ ಪ್ರಾಧಿಕಾರವಾಗಿರುತ್ತಾರೆ. ಲೈಸೆನ್ಸ್ ಅವರಿಂದಲೇ ಬರಬೇಕು. ಅದಿಲ್ಲದೆ ಏಜೆನ್ಸಿ ನಡೆಸಿದರೆ ಒಂದು ವರ್ಷದವರೆಗೆ ಜೈಲು, 25,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಲೈಸೆನ್ಸ್ ಕೈಗೆ ಬಂದಾಗ ಎರಡು ಸಾಲು ನಿಧಾನವಾಗಿ ಓದಿ. ಒಂದು, ಅವಧಿ. ಲೈಸೆನ್ಸ್ ಐದು ವರ್ಷಕ್ಕೆ ಇರುತ್ತದೆ. ಮುಗಿಯುವುದಕ್ಕೆ ಕನಿಷ್ಠ 45 ದಿನ ಮುಂಚೆ ನವೀಕರಣಕ್ಕೆ ಅರ್ಜಿ ಹಾಕಬೇಕು. ಮುಗಿಯಲು ತಿಂಗಳಷ್ಟೇ ಉಳಿದಿದ್ದರೆ ನವೀಕರಣದ ಅರ್ಜಿಯ ಪ್ರತಿ ಕೇಳಿ. ಎರಡು, ಜಿಲ್ಲೆ. ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಒಂದು ಜಿಲ್ಲೆಗೆ, ಐದು ಜಿಲ್ಲೆಗಳವರೆಗೆ, ಇಡೀ ರಾಜ್ಯಕ್ಕೆ ಅಂತ ಲೈಸೆನ್ಸ್ ಬೇರೆ ಬೇರೆ. ಕಾಯ್ದೆಯಲ್ಲಿ ಶುಲ್ಕವೂ ಕ್ರಮವಾಗಿ 5,000, 10,000, 25,000 ರೂಪಾಯಿ ಅಂತ ಬೇರೆಯೇ ಇದೆ. ಪಕ್ಕದ ಜಿಲ್ಲೆಗೆ ಪಡೆದ ಲೈಸೆನ್ಸ್ ಹಿಡಿದು ನಿಮ್ಮಲ್ಲಿ ಕೆಲಸ ಮಾಡುವಂತಿಲ್ಲ.

ಲೈಸೆನ್ಸನ್ನು ಅಥವಾ ಅದರ ಪ್ರತಿಯನ್ನು ಏಜೆನ್ಸಿ ತನ್ನ ಕಚೇರಿಯಲ್ಲಿ ಎದ್ದು ಕಾಣುವ ಜಾಗದಲ್ಲಿ ಹಾಕಿರಬೇಕು. ಹಾಗಾಗಿ ಅವರು ತಂದುಕೊಟ್ಟ ಜೆರಾಕ್ಸ್ ನೋಡಿ ಸುಮ್ಮನಾಗಬೇಡಿ. ಸಂಘದಿಂದ ಯಾರಾದರೂ ಒಬ್ಬರು ಕಚೇರಿಗೇ ಹೋಗಿ ನೋಡಿ ಬನ್ನಿ. ಕಚೇರಿ ನಿಜವಾಗಿ ಇದೆಯಾ ಅನ್ನುವುದೂ ಗೊತ್ತಾಗುತ್ತದೆ.

ಏಜೆನ್ಸಿಯೇ ಬೇಡ, ಗೊತ್ತಿರುವವರನ್ನು ಸಂಘವೇ ನೇರವಾಗಿ ಕೆಲಸಕ್ಕೆ ಇಟ್ಟುಕೊಳ್ಳುತ್ತದೆ ಅಂದರೆ? ಅದಕ್ಕೆ ಈ ಲೈಸೆನ್ಸ್ ಬೇಕಿಲ್ಲ, ಯಾಕೆಂದರೆ ಸಂಘ ಭದ್ರತೆಯ ವ್ಯಾಪಾರ ಮಾಡುತ್ತಿಲ್ಲ. ಆದರೆ ಪೂರ್ವಾಪರ ಪರಿಶೀಲನೆ, ತರಬೇತಿ, ಸಂಬಳ, ಅಪಘಾತವಾದರೆ ಪರಿಹಾರ ಎಲ್ಲವೂ ಸಂಘದ ತಲೆಗೇ ಬರುತ್ತದೆ. ಸಣ್ಣ ಸಂಘಗಳಿಗೆ ಇದು ಭಾರ.

ಕೆಲಸಕ್ಕೆ ಬರುವ ವ್ಯಕ್ತಿಯನ್ನು ನೋಡಿ

ಏಜೆನ್ಸಿ ಸರಿಯಿದ್ದ ಮಾತ್ರಕ್ಕೆ ಗೇಟಿನಲ್ಲಿ ನಿಲ್ಲುವವರೂ ನಿಯಮದ ಪ್ರಕಾರವೇ ಬಂದಿದ್ದಾರೆ ಅಂತ ಅಲ್ಲ. ಗಾರ್ಡ್‌ಗೆ 18 ವರ್ಷ ತುಂಬಿರಬೇಕು, 65 ಆಗಿರಬಾರದು. ಕೋರ್ಟಿನಲ್ಲಿ ಶಿಕ್ಷೆಯಾದವರನ್ನು, ಸೇನೆ ಅಥವಾ ಪೊಲೀಸ್ ಕೆಲಸದಿಂದ ದುರ್ನಡತೆಗಾಗಿ ವಜಾ ಆದವರನ್ನು ಇಟ್ಟುಕೊಳ್ಳುವಂತಿಲ್ಲ.

ತರಬೇತಿಯ ವಿಷಯದಲ್ಲಿ ಕೇಂದ್ರದ 2006ರ ಮಾದರಿ ನಿಯಮ ಸ್ಪಷ್ಟವಾಗಿತ್ತು: ತರಗತಿಯಲ್ಲಿ ಕನಿಷ್ಠ 100 ಗಂಟೆ, ಮೈದಾನದಲ್ಲಿ 60 ಗಂಟೆ, ಅದೂ ಕನಿಷ್ಠ 20 ಕೆಲಸದ ದಿನಗಳಲ್ಲಿ ಹಂಚಿರಬೇಕು. ಮಾಜಿ ಸೈನಿಕರು, ನಿವೃತ್ತ ಪೊಲೀಸರಿಗೆ 40 ಮತ್ತು 16 ಗಂಟೆಯ ಚಿಕ್ಕ ತರಬೇತಿ. ಪಾಠಗಳಲ್ಲಿ ಪ್ರಥಮ ಚಿಕಿತ್ಸೆ, ಬೆಂಕಿ ಆರಿಸುವುದು, ಎಫ್‌ಐಆರ್ ದಾಖಲಿಸುವ ಕ್ರಮ, ಆತ್ಮರಕ್ಷಣೆಯ ಹಕ್ಕು ಎಲ್ಲವೂ ಸೇರಿವೆ. ತರಬೇತಿ ಪ್ರಮಾಣಪತ್ರ ಕೇಳುವುದರ ಜೊತೆಗೆ ಗಾರ್ಡ್ ಜೊತೆ ಹತ್ತು ನಿಮಿಷ ಮಾತಾಡಿ. ರಾತ್ರಿ ಮೂರು ಗಂಟೆಗೆ ಒಂದು ಮನೆಯಲ್ಲಿ ಹೊಗೆ ಕಂಡರೆ ಮೊದಲು ಏನು ಮಾಡುತ್ತೀರಿ ಅಂತ ಕೇಳಿ. ಆ ಉತ್ತರದಲ್ಲಿ ತರಬೇತಿ ಎಷ್ಟಾಗಿದೆ ಅಂತ ಗೊತ್ತಾಗಿಬಿಡುತ್ತದೆ.

ಮೈಮೇಲಿನ ಬಟ್ಟೆಯನ್ನೂ ಗಮನಿಸಿ. ಅದೇ ಮಾದರಿ ನಿಯಮದ ಪ್ರಕಾರ ತೋಳಿನ ಮೇಲೆ ಏಜೆನ್ಸಿಯ ಬ್ಯಾಡ್ಜ್ ಇರಬೇಕು. ಭುಜ ಅಥವಾ ಎದೆಯ ಮೇಲೆ ಹುದ್ದೆ ತಿಳಿಸುವ ಬ್ಯಾಡ್ಜ್ ಇರಬೇಕು. ದಾರಕ್ಕೆ ಕಟ್ಟಿದ ಸೀಟಿ ಎಡ ಜೇಬಿನಲ್ಲಿರಬೇಕು. ಫೋಟೊ ಇರುವ ಗುರುತಿನ ಚೀಟಿಯಲ್ಲಿ ಪೂರ್ತಿ ಹೆಸರು, ಏಜೆನ್ಸಿಯ ಹೆಸರು, ಸಂಖ್ಯೆ, ಹುದ್ದೆ, ಯಾವ ತಾರೀಖಿನವರೆಗೆ ಮಾನ್ಯ ಅನ್ನುವುದು ಇರಬೇಕು. ಕೆಲಸದ ಮೇಲಿರುವಾಗ ಆ ಚೀಟಿ ಜೊತೆಗೇ ಇರಬೇಕು.

ಕೆಲವು ಏಜೆನ್ಸಿಗಳು ಗಾರ್ಡ್‌ಗಳಿಗೆ ಖಾಕಿಯನ್ನೋ ಸೇನೆಯವರ ಮಚ್ಚೆ ಬಟ್ಟೆಯನ್ನೋ ತೊಡಿಸಿ ಕಳಿಸುತ್ತವೆ. ನೋಡಲು ಗತ್ತಾಗಿರುತ್ತದೆ ಅಂತ ಸಂಘದವರೂ ಖುಷಿಪಡುತ್ತಾರೆ. ದಯವಿಟ್ಟು ಬೇಡ. ಸೇನೆ ಅಥವಾ ಪೊಲೀಸರ ಸಮವಸ್ತ್ರವನ್ನು, ಅದರಂತೆ ಕಾಣುವ ಉಡುಪನ್ನು ತೊಟ್ಟರೆ ಗಾರ್ಡ್‌ಗೂ ಏಜೆನ್ಸಿ ಮಾಲೀಕನಿಗೂ ಒಂದು ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಆಗಬಹುದು, ಎರಡೂ ಆಗಬಹುದು. ಸರಿರಾತ್ರಿಯಲ್ಲಿ ಖಾಕಿ ಕಂಡ ಜನ ಪೊಲೀಸ್ ಅಂತ ತಿಳಿದು ಹೇಳಿದ್ದಕ್ಕೆಲ್ಲ ತಲೆ ಆಡಿಸುತ್ತಾರೆ. ಆ ನಿಯಮ ಇರುವುದೇ ಅದನ್ನು ತಪ್ಪಿಸಲು.

ಏನು ಮಾಡಬಹುದು, ಏನು ಮಾಡಬಾರದು: ಬರೆದು ಕೊಡಿ

ಇದು ಎಲ್ಲಕ್ಕಿಂತ ಮುಖ್ಯ. ಖಾಸಗಿ ಗಾರ್ಡ್‌ಗೆ ಪೊಲೀಸ್ ಅಧಿಕಾರ ಚೂರೂ ಇಲ್ಲ. ನಿಮಗೆ, ನನಗೆ ಎಷ್ಟಿದೆಯೋ ಅಷ್ಟೇ.

ಹಾಗಾದರೆ ಕಳ್ಳನನ್ನು ಹಿಡಿಯುವಂತಿಲ್ಲವಾ? ಹಿಡಿಯಬಹುದು, ಆದರೆ ಮಿತಿ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಸೆಕ್ಷನ್ ಸಾಮಾನ್ಯ ನಾಗರಿಕನ ಬಂಧನದ ಅಧಿಕಾರವನ್ನು ಹೇಳುತ್ತದೆ. ತನ್ನ ಕಣ್ಣೆದುರೇ ಯಾರಾದರೂ ಅಪರಾಧ ಮಾಡಿರಬೇಕು. ಆ ಅಪರಾಧ ಜಾಮೀನು ಸಿಗದಂಥದ್ದೂ ಆಗಿರಬೇಕು, ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದದ್ದೂ ಆಗಿರಬೇಕು. ಇಲ್ಲವೇ ಆ ವ್ಯಕ್ತಿ ತಲೆಮರೆಸಿಕೊಂಡ ಅಪರಾಧಿ ಅಂತ ಕೋರ್ಟ್ ಘೋಷಿಸಿದವನಾಗಿರಬೇಕು. ಹಿಡಿದ ಮೇಲೆ ವಿನಾಕಾರಣ ತಡ ಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಈ ಆರು ಗಂಟೆಯ ಗಡುವು ಹಳೆಯ ಕಾನೂನಿನಲ್ಲಿ ಇರಲಿಲ್ಲ, ಹೊಸದಾಗಿ ಸೇರಿದ್ದು.

'ಅನುಮಾನ ಬಂತು', 'ಇಲ್ಲಿಯವನ ಹಾಗೆ ಕಾಣಲಿಲ್ಲ', 'ಸರಿಯಾಗಿ ಉತ್ತರ ಕೊಡಲಿಲ್ಲ' ಅನ್ನುವುದು ಹಿಡಿದಿಡಲು ಕಾರಣ ಆಗುವುದಿಲ್ಲ. ದಾರಿಯಲ್ಲಿ ಹೋಗುವವರನ್ನು ಸುಮ್ನೆ ಅಡ್ಡಗಟ್ಟಿದರೆ ಭಾರತೀಯ ನ್ಯಾಯ ಸಂಹಿತೆಯ 126ನೇ ಸೆಕ್ಷನ್ ಪ್ರಕಾರ ಅಕ್ರಮ ತಡೆ. ಗಾರ್ಡ್ ಕೋಣೆಯಲ್ಲಿ ಕೂರಿಸಿಕೊಂಡರೆ 127ನೇ ಸೆಕ್ಷನ್ ಪ್ರಕಾರ ಅಕ್ರಮ ಬಂಧನ. ಎರಡಕ್ಕೂ ಶಿಕ್ಷೆ ಇದೆ. ಕೂರಿಸು ಅಂತ ಫೋನಿನಲ್ಲಿ ಹೇಳಿದವರೂ ಸಿಕ್ಕಿಬೀಳಬಹುದು.

ಹಾಗಾಗಿ ಗಾರ್ಡ್ ಕೈಗೆ ಒಂದು ಪುಟದ ಸೂಚನೆ ಕೊಡಿ. ಅವರಿಗೆ ಓದಲು ಬರುವ ಭಾಷೆಯಲ್ಲೇ ಇರಲಿ. ಅದರಲ್ಲಿ ಇಷ್ಟಾದರೂ ಇರಬೇಕು:

- ಅಪರಿಚಿತರು ಕಂಡರೆ 'ಯಾರ ಮನೆಗೆ ಬಂದಿದ್ದೀರಿ, ಸಹಾಯ ಬೇಕಾ' ಅಂತ ಕೇಳಬಹುದು. ಉತ್ತರ ಕೊಡದೆ ಹೋದರೆ ಹೋಗಲು ಬಿಡಬೇಕು. ಸಮಯ, ಜಾಗ, ವಾಹನದ ನಂಬರ್ ಬರೆದಿಟ್ಟುಕೊಂಡರೆ ಸಾಕು.
- ಯಾರ ಚೀಲವನ್ನೂ, ಮೈಯನ್ನೂ ಒಪ್ಪಿಗೆ ಇಲ್ಲದೆ ತಡಕಬಾರದು. ಮೊಬೈಲ್ ಕಿತ್ತುಕೊಳ್ಳಬಾರದು.
- ಕಣ್ಣೆದುರೇ ಕಳ್ಳತನ, ಹಲ್ಲೆ ಕಂಡರೆ ಮೊದಲು ಸೀಟಿ, ತಕ್ಷಣ 112ಕ್ಕೆ ಕರೆ, ಆಮೇಲೆ ಸಂಘದವರಿಗೆ.
- ಸಿಕ್ಕವರನ್ನು ಹೊಡೆಯಬಾರದು, ಬೇರೆಯವರಿಗೂ ಹೊಡೆಯಲು ಬಿಡಬಾರದು. ಪ್ರಾಣಕ್ಕೆ ಅಪಾಯ ಬಂದಾಗ ತಪ್ಪಿಸಿಕೊಳ್ಳಲು ಎಷ್ಟು ಬೇಕೋ ಅಷ್ಟು ಬಲ ಮಾತ್ರ.

ಎರಡನೇ ಅಂಶದ ಬಗ್ಗೆ ಒಂದು ಮಾತು. ಮನೆಗೆಲಸಕ್ಕೆ ಬರುವ ಹೆಂಗಸರ ಚೀಲವನ್ನು ದಿನಾ ಗೇಟಿನಲ್ಲಿ ಬಿಚ್ಚಿಸಿ ನೋಡುವ ಪದ್ಧತಿ ಎಷ್ಟೋ ಕಡೆ ಇದೆ. ಅದೇ ಗೇಟಿನಲ್ಲಿ ಕಾರಿನ ಡಿಕ್ಕಿ ಯಾರೂ ತೆಗೆಸುವುದಿಲ್ಲ. ಇದು ಅವಮಾನ, ಕಾನೂನಿನ ಬಲವೂ ಇದಕ್ಕಿಲ್ಲ. ಗಾರ್ಡ್‌ಗೆ ಈ ಕೆಲಸ ಹೇಳುವುದೇ ಸಂಘದವರು, ಹಾಗಾಗಿ ನಿಲ್ಲಿಸಬೇಕಾದವರೂ ಅವರೇ.

ತಳ್ಳುಗಾಡಿಯವರನ್ನು ಓಡಿಸುವುದೂ ಗಸ್ತಿನವರ ಕೆಲಸ ಅಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪ್ರಮಾಣಪತ್ರ ಪಡೆದು, ಅದರ ಷರತ್ತಿನಂತೆ ವ್ಯಾಪಾರ ಮಾಡುವವರನ್ನು ಯಾರೂ ತಡೆಯುವಂತಿಲ್ಲ, ಪೊಲೀಸರೂ ಕೂಡ. ತಕರಾರಿದ್ದರೆ ಸ್ಥಳೀಯ ಸಂಸ್ಥೆಗೆ ದೂರು ಕೊಡಿ.

ಗೇಟು, ಚೌಕಿ, ಕ್ಯಾಮೆರಾ: ಇಲ್ಲಿ ಸ್ಥಳೀಯ ಸಂಸ್ಥೆ ಬೇಕೇ ಬೇಕು

ಏಜೆನ್ಸಿಗೆ ಲೈಸೆನ್ಸ್ ಕೊಡುವುದು ರಾಜ್ಯ. ಆದರೆ ರಸ್ತೆ, ಫುಟ್‌ಪಾತ್, ಬೀದಿದೀಪದ ಕಂಬ ಸ್ಥಳೀಯ ಸಂಸ್ಥೆಯ ವಶದಲ್ಲಿರುತ್ತವೆ. ಫುಟ್‌ಪಾತ್ ಮೇಲೆ ಗಾರ್ಡ್‌ಗೆ ಒಂದು ತಗಡಿನ ಗೂಡು ಇಡಬೇಕೆಂದರೂ ಲಿಖಿತ ಅನುಮತಿ ಬೇಕು. ಕಂಬಕ್ಕೆ ಕ್ಯಾಮೆರಾ ಕಟ್ಟುವುದಕ್ಕೂ ಹಾಗೆಯೇ.

ಸಾರ್ವಜನಿಕ ರಸ್ತೆಗೆ ಗೇಟು ಹಾಕಿ ರಾತ್ರಿ ಬೀಗ ಜಡಿಯುವುದಂತೂ ಕೂಡದು. ಆಂಬುಲೆನ್ಸ್, ಅಗ್ನಿಶಾಮಕ ವಾಹನ ಬಂದಾಗ ಬೀಗದ ಕೈ ಇರುವವರು ನಿದ್ದೆಯಲ್ಲಿದ್ದರೆ ಏನು ಗತಿ, ಯೋಚಿಸಿ. ವೇಗ ತಗ್ಗಿಸಲು ಸರಿಸಬಹುದಾದ ಬ್ಯಾರಿಕೇಡ್ ಬೇಕಿದ್ದರೆ ಸ್ಥಳೀಯ ಸಂಸ್ಥೆಗೂ ಸಂಚಾರ ಪೊಲೀಸರಿಗೂ ಅರ್ಜಿ ಕೊಡಿ. ಅರ್ಜಿಯ ಜೊತೆ ಕೈಯಲ್ಲಿ ಬರೆದ ನಕ್ಷೆ ಇಡಿ: ಯಾವ ತಿರುವು, ಎಷ್ಟು ಅಗಲ ಖಾಲಿ ಬಿಡುತ್ತೀರಿ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿಗೆ. ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ. ಬಾಯಿಮಾತಿನ ಒಪ್ಪಿಗೆ ಅಧಿಕಾರಿ ವರ್ಗವಾದ ದಿನವೇ ಮುಗಿಯುತ್ತದೆ.

ಸ್ಥಳೀಯ ಸಂಸ್ಥೆಗೆ ಹೋದಾಗ ಇನ್ನೊಂದು ಅರ್ಜಿಯನ್ನೂ ಕೊಡಿ: ಕೆಟ್ಟಿರುವ ಬೀದಿದೀಪಗಳ ಪಟ್ಟಿ. ಕತ್ತಲಿರುವ ತಿರುವಿನಲ್ಲಿ ದೀಪ ಉರಿದರೆ ಗಾರ್ಡ್ ಕೆಲಸ ಎಷ್ಟೋ ಹಗುರಾಗುತ್ತದೆ.

ಠಾಣೆಗೆ ತಿಳಿಸಿ

ಗಸ್ತು ಶುರುವಾಗುವ ಮುಂಚೆ ಠಾಣಾಧಿಕಾರಿಗೆ ಪತ್ರ ಕೊಡಿ. ಗಾರ್ಡ್‌ಗಳ ಹೆಸರು, ಫೋಟೊ, ಏಜೆನ್ಸಿಯ ಲೈಸೆನ್ಸ್ ಪ್ರತಿ, ಸುತ್ತುವ ರಸ್ತೆಗಳು, ಸಮಯ ಅದರಲ್ಲಿರಲಿ. ಬೀಟ್ ಪೊಲೀಸರಿಗೆ ಗಾರ್ಡ್‌ಗಳ ಮುಖಪರಿಚಯ ಮಾಡಿಸಿ. ಗಾರ್ಡ್ ಬದಲಾದಾಗಲೆಲ್ಲ ಪಟ್ಟಿ ಬದಲಿಸಿ ಕೊಡಿ.

ಒಪ್ಪಂದದಲ್ಲಿ ಸಂಬಳವೂ ಇರಲಿ

ಏಜೆನ್ಸಿಗೆ ನೀವು ಕೊಡುವ ಹಣ ಒಂದು, ಗಾರ್ಡ್ ಕೈಗೆ ಸೇರುವುದು ಇನ್ನೊಂದು. ಒಪ್ಪಂದದಲ್ಲಿ ಎರಡನ್ನೂ ಬಿಡಿಸಿ ಬರೆಸಿ: ಕನಿಷ್ಠ ವೇತನ, ಪಿಎಫ್, ಇಎಸ್‌ಐ, ವಾರದ ರಜೆ, ಏಜೆನ್ಸಿಯ ಶುಲ್ಕ. ವೇತನ ಬ್ಯಾಂಕ್ ಖಾತೆಗೇ ಹೋಗಲಿ, ತಿಂಗಳ ಬಿಲ್ ಜೊತೆ ಪಾವತಿಯ ದಾಖಲೆ ಬರಲಿ. ತೀರಾ ಕಡಿಮೆ ದರ ಹೇಳುವ ಏಜೆನ್ಸಿ ಉಳಿಸುವುದು ಸಾಮಾನ್ಯವಾಗಿ ಗಾರ್ಡ್ ಸಂಬಳದಲ್ಲೇ. ಪಸಾರ ಕಾಯ್ದೆಯ ಅನುಸೂಚಿಯಲ್ಲಿ ಕನಿಷ್ಠ ವೇತನ, ಭವಿಷ್ಯ ನಿಧಿಯಂಥ ಕಾರ್ಮಿಕ ಕಾನೂನುಗಳ ಪಟ್ಟಿಯೇ ಇದೆ. ಅವುಗಳನ್ನು ಮುರಿದ ಏಜೆನ್ಸಿಯ ಲೈಸೆನ್ಸ್ ರದ್ದಾಗಬಹುದು.

ದಿನಕ್ಕೆ ಹನ್ನೆರಡು ಗಂಟೆಯ ಪಾಳಿಗೆ ಒಪ್ಪಬೇಡಿ. ಎಂಟು ಗಂಟೆಯ ಪಾಳಿಗೆ ಜನ ಜಾಸ್ತಿ ಬೇಕು, ಖರ್ಚೂ ಹೆಚ್ಚು. ಆದರೆ ಬೆಳಗಿನ ಜಾವ ನಾಲ್ಕಕ್ಕೆ ಕಣ್ಣು ತೆರೆದಿರಬೇಕಾದ ವ್ಯಕ್ತಿ ಅದು, ಹನ್ನೊಂದನೇ ಗಂಟೆಯ ಕೆಲಸದಲ್ಲಿ ಆತನಿಂದ ಅದನ್ನು ಕೇಳುವುದು ನ್ಯಾಯವಲ್ಲ. ಕೂರಲು ಜಾಗ, ಶೌಚಾಲಯ, ಕುಡಿಯುವ ನೀರು, ಮಳೆಗೆ ರೇನ್‌ಕೋಟ್ ಯಾರು ಕೊಡಬೇಕು ಅನ್ನುವುದನ್ನೂ ಬರೆಯಿರಿ.

ತಪ್ಪಾದಾಗ ಎಲ್ಲಿಗೆ ಹೋಗಬೇಕು

ಗಸ್ತಿನವರ ಬಗ್ಗೆ ದೂರು ಕೊಡಲು ಒಂದು ಫೋನ್ ನಂಬರ್ ಸೂಚನಾ ಫಲಕದಲ್ಲಿ ಹಾಕಿ. ಬಡಾವಣೆಯವರಿಗೆ ಮಾತ್ರ ಅಲ್ಲ, ಆ ದಾರಿಯಲ್ಲಿ ಹೋಗುವ ಯಾರಿಗೆ ಬೇಕಾದರೂ ಕಾಣುವಂತಿರಲಿ. ಗಾರ್ಡ್ ಬರೆದಿಡುವ ಪುಸ್ತಕವನ್ನು ಸಂಘದ ಒಬ್ಬರು ವಾರಕ್ಕೊಮ್ಮೆ ನೋಡಿ ಸಹಿ ಹಾಕಲಿ. ಯಾರು ಯಾರ ಮನೆಗೆ ಎಷ್ಟೊತ್ತಿಗೆ ಬಂದರು ಅನ್ನುವುದೆಲ್ಲ ಅದರಲ್ಲಿರುತ್ತದೆ, ಹಾಗಾಗಿ ಕಂಡಕಂಡವರ ಕೈಗೆ ಸಿಗದ ಹಾಗೆ ಇಡಿ. ಕೆಲಸದಲ್ಲಿ ತಿಳಿದ ವಿಷಯವನ್ನು ಗಾರ್ಡ್ ಹೊರಗೆ ಹೇಳಬಾರದು ಅಂತ ಕಾಯ್ದೆಯಲ್ಲೇ ಇದೆ.

ಸಣ್ಣ ತಪ್ಪಿಗೆ ಏಜೆನ್ಸಿಗೆ ಬರೆದರೆ ಸಾಕು. ಹಲ್ಲೆ, ಅಕ್ರಮವಾಗಿ ಹಿಡಿದಿಡುವುದು, ಸುಲಿಗೆಯಾದರೆ ನೇರ ಠಾಣೆಗೆ. ಲೈಸೆನ್ಸ್ ಇಲ್ಲದ ಏಜೆನ್ಸಿ, ಪೊಲೀಸರಂತೆ ನಟಿಸುವ ಗಾರ್ಡ್, ಸಂಬಳ ನುಂಗುವ ಮಾಲೀಕ ಇವರ ಬಗ್ಗೆ ರಾಜ್ಯದ ನಿಯಂತ್ರಣ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಿ. ಏಜೆನ್ಸಿಯ ಮಾತು ಕೇಳಿ ಲೈಸೆನ್ಸ್ ಅಮಾನತು ಮಾಡುವ, ರದ್ದು ಮಾಡುವ ಅಧಿಕಾರ ಪ್ರಾಧಿಕಾರಕ್ಕಿದೆ. ಆ ಆದೇಶದ ವಿರುದ್ಧ ಏಜೆನ್ಸಿ 60 ದಿನದೊಳಗೆ ಗೃಹ ಕಾರ್ಯದರ್ಶಿಗೆ ಮೇಲ್ಮನವಿ ಹೋಗಬಹುದು. ಹಾಗಾಗಿ ದೂರಿನ ಜೊತೆ ತಾರೀಖು, ಸಮಯ, ಗಾರ್ಡ್ ಪುಸ್ತಕದ ಪುಟದ ಪ್ರತಿ, ಒಪ್ಪಂದದ ಪ್ರತಿ ಎಲ್ಲ ಸೇರಿಸಿಯೇ ಕೊಡಿ.